ವಾಯು ಗುಣಮಟ್ಟ ಮಾಪನ ಕೇಂದ್ರ: ಕಾರ್ಯವಿಧಾನ ಹಾಗೂ ರೈತರಿಗೆ ಅದರ ಉಪಯೋಗ

ಮಳೆಮಾಪಕ ನಮ್ಮ ರೈತ ಬಾಂಧವರಿಗೆ ಚಿರಪರಿಚಿತ. ಹೋಬಳಿಯಲ್ಲಿ ಎಷ್ಟು ಮಿಲಿಮೀಟರ್ ಮಳೆಯಾಯಿತು ಎಂಬುದನ್ನು ತಿಳಿದು ಬಿತ್ತನೆಯ ದಿನವನ್ನು ನಿರ್ಧರಿಸುವುದು ರೂಢಿಯಲ್ಲಿದೆ. ಆದರೆ ಜಿಲ್ಲಾ ಕೇಂದ್ರಗಳಲ್ಲಿ ಹಾಗೂ ದೊಡ್ಡ ನಗರಗಳಲ್ಲಿ ಸ್ಥಾಪಿಸಿರುವ ವಾಯು ಗುಣಮಟ್ಟ ಮಾಪನ ಕೇಂದ್ರದ ಬಗ್ಗೆ ಇಂತಹ ಪರಿಚಯ ಕಡಿಮೆ. ಅದು ಪೇಟೆಯವರಿಗೆ ಸಂಬಂಧಿಸಿದ ವಿಷಯವೆಂಬ ಭಾವನೆಯೂ ಇದೆ. ವಾಸ್ತವದಲ್ಲಿ ದಿನದ ಬಹುಭಾಗವನ್ನು ಬಯಲಿನಲ್ಲಿ ಕಳೆಯುವವರು ರೈತರು ಮತ್ತು ಕೃಷಿ ಕಾರ್ಮಿಕರು. ಗಾಳಿಯಲ್ಲಿನ ಧೂಳು, ಹೊಗೆ ಹಾಗೂ ಅನಿಲಗಳು ಅವರ ಶ್ವಾಸಕೋಶವನ್ನೂ ಬೆಳೆಯ ಎಲೆಯನ್ನೂ ಒಟ್ಟಿಗೆ ತಲುಪುತ್ತವೆ.

ಕೇಂದ್ರವು ನೀಡುವ ಅಂಕಿಯನ್ನು ಸರಿಯಾಗಿ ಬಳಸಬೇಕಾದರೆ ಅದು ಏನನ್ನು, ಎಲ್ಲಿ, ಎಷ್ಟು ಹೊತ್ತಿನ ಸರಾಸರಿಯಾಗಿ ಅಳೆಯುತ್ತದೆ ಎಂಬುದನ್ನು ಅರಿತಿರಬೇಕು. ಹಾಗೆಯೇ ಅದು ಏನನ್ನು ಅಳೆಯುವುದಿಲ್ಲ ಎಂಬುದೂ ತಿಳಿದಿರಬೇಕು. ಈ ಎರಡೂ ಅಂಶಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕೇಂದ್ರಗಳ ವಿಧಗಳು

ನಮ್ಮ ದೇಶದಲ್ಲಿ ಹೊರಾಂಗಣದ ಗಾಳಿಗೆ ರಾಷ್ಟ್ರೀಯ ಮಾನದಂಡಗಳಿವೆ. 2009ರ ನವೆಂಬರ್‌ನಲ್ಲಿ ಪ್ರಕಟವಾದ ಈ ಮಾನದಂಡಗಳು 12 ಮಾಲಿನ್ಯಕಾರಕಗಳಿಗೆ ಮಿತಿಯನ್ನು ನಿಗದಿಪಡಿಸಿವೆ. ಪಿಎಂ 10, ಪಿಎಂ 2.5, ಗಂಧಕದ ಡೈಆಕ್ಸೈಡ್, ಸಾರಜನಕದ ಡೈಆಕ್ಸೈಡ್, ಓಝೋನ್, ಇಂಗಾಲದ ಮಾನಾಕ್ಸೈಡ್, ಅಮೋನಿಯಾ, ಸೀಸ, ಬೆಂಜೀನ್, ಬೆಂಜೋಪೈರೀನ್, ಆರ್ಸೆನಿಕ್ ಮತ್ತು ನಿಕ್ಕಲ್ ಇವೇ ಆ ಹನ್ನೆರಡು. ರಾಜ್ಯದಲ್ಲಿ ಇವುಗಳ ಮಾಪನದ ಹೊಣೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಮಾಪನ ಕೇಂದ್ರಗಳಲ್ಲಿ ಮುಖ್ಯವಾಗಿ ಎರಡು ವಿಧಗಳಿವೆ.

1. ಕೈಚಾಲಿತ ಕೇಂದ್ರ: ವಾರಕ್ಕೆ ಎರಡು ಬಾರಿ, ಪ್ರತಿ ಬಾರಿ 24 ಗಂಟೆಗಳ ಕಾಲ ಗಾಳಿಯ ಮಾದರಿಯನ್ನು ಸಂಗ್ರಹಿಸಲಾಗುತ್ತದೆ. ಧೂಳನ್ನು ಶೋಧಕ ಕಾಗದದ ಮೇಲೆ, ಅನಿಲಗಳನ್ನು ರಾಸಾಯನಿಕ ದ್ರಾವಣದಲ್ಲಿ ಹಿಡಿದು ಪ್ರಯೋಗಾಲಯದಲ್ಲಿ ವಿಶ್ಲೇಷಿಸುತ್ತಾರೆ. ವರ್ಷಕ್ಕೆ ಕನಿಷ್ಠ 104 ಮಾಪನಗಳಿದ್ದಲ್ಲಿ ಮಾತ್ರ ವಾರ್ಷಿಕ ಸರಾಸರಿಯನ್ನು ಲೆಕ್ಕ ಹಾಕಲಾಗುತ್ತದೆ.

2. ಸ್ವಯಂಚಾಲಿತ ನಿರಂತರ ಕೇಂದ್ರ: ಹವಾನಿಯಂತ್ರಿತ ಸಣ್ಣ ಕೊಠಡಿಯೊಳಗೆ ಉಪಕರಣಗಳು ಹಗಲಿರುಳು ಕೆಲಸ ಮಾಡುತ್ತವೆ. ಮಾಹಿತಿಯು ಪ್ರತಿ 15 ನಿಮಿಷದ ಸರಾಸರಿಯಾಗಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸರ್ವರ್‌ಗೆ ತಲುಪುತ್ತದೆ. ಇದನ್ನು 'ಸಮೀರ್' ಮೊಬೈಲ್ ಆ್ಯಪ್‌ನಲ್ಲಿ ಯಾರು ಬೇಕಾದರೂ ನೋಡಬಹುದು.

ಸ್ಥಳದ ಆಯ್ಕೆ

ಮಳೆಮಾಪಕವನ್ನು ಮರದ ಕೆಳಗೆ ಇಟ್ಟರೆ ಅಳತೆ ತಪ್ಪಾಗುವಂತೆಯೇ ಗಾಳಿಯ ಮಾದರಿ ತೆಗೆಯುವ ಸ್ಥಳವೂ ಮುಖ್ಯ. ಗಾಳಿಯನ್ನು ಒಳಗೆಳೆಯುವ ಕೊಳವೆಯ ಬಾಯಿ ನೆಲದಿಂದ 3ರಿಂದ 10 ಮೀಟರ್ ಎತ್ತರದಲ್ಲಿರಬೇಕು. ಹತ್ತಿರದ ಕಟ್ಟಡವು ಈ ಬಾಯಿಗಿಂತ ಎಷ್ಟು ಎತ್ತರವಿದೆಯೋ ಅದರ ಎರಡು ಪಟ್ಟಿಗಿಂತ ಹೆಚ್ಚು ದೂರದಲ್ಲಿರಬೇಕು. ನಾಲ್ಕು ದಿಕ್ಕುಗಳ ಪೈಕಿ ಕನಿಷ್ಠ ಮೂರು ದಿಕ್ಕುಗಳಿಂದ ಗಾಳಿ ಅಡೆತಡೆಯಿಲ್ಲದೆ ಬರುವಂತಿರಬೇಕು. ಮರಗಳಿಂದ ಹಾಗೂ ಅಡುಗೆ ಮನೆಯ ಹೊಗೆಕೊಳವೆಗಳಿಂದ ದೂರವಿರಬೇಕು.

ಇದರಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಕೇಂದ್ರವು ತನ್ನ ಸುತ್ತಲಿನ ಪ್ರದೇಶದ ಸಾಮಾನ್ಯ ಗಾಳಿಯನ್ನು ಅಳೆಯುತ್ತದೆ. ಹತ್ತಾರು ಕಿಲೋಮೀಟರ್ ದೂರದ ಗ್ರಾಮದಲ್ಲಿ ಜಲ್ಲಿ ಕ್ರಷರ್ ಪಕ್ಕದ ತೋಟದ ಸ್ಥಿತಿಯನ್ನು ಅದು ತಿಳಿಸಲಾರದು.

ಧೂಳಿನ ಕಣಗಳ ಮಾಪನ

ಪಿಎಂ 10 ಎಂದರೆ 10 ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕ ಕಣಗಳು. ರಸ್ತೆಯ ಧೂಳು, ಉಳುಮೆ ಮತ್ತು ಒಕ್ಕಣೆಯಲ್ಲಿ ಏಳುವ ಧೂಳಿನ ಒಂದು ಭಾಗ ಇದರಲ್ಲಿ ಸೇರುತ್ತದೆ. ಪಿಎಂ 2.5 ಎಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕ ಕಣಗಳು. ತಲೆಗೂದಲಿನ ದಪ್ಪದ ಸುಮಾರು ಇಪ್ಪತ್ತೈದನೇ ಒಂದು ಭಾಗದಷ್ಟಿರುವ ಈ ಕಣಗಳು ಬಹುತೇಕ ಹೊಗೆಯಿಂದ ಬರುತ್ತವೆ. ಇವು ಮೂಗು ಮತ್ತು ಗಂಟಲಿನಲ್ಲಿ ನಿಲ್ಲದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ.

ಸ್ವಯಂಚಾಲಿತ ಕೇಂದ್ರಗಳಲ್ಲಿ ಇವನ್ನು ಅಳೆಯಲು ಬೀಟಾ ಕಿರಣ ಆಧಾರಿತ ಉಪಕರಣವನ್ನು ಬಳಸುವುದು ಸಾಮಾನ್ಯ. ಅದರ ಕಾರ್ಯವಿಧಾನ ಹೀಗಿದೆ.

- ಪಂಪು ನಿಮಿಷಕ್ಕೆ 16.7 ಲೀಟರ್, ಅಂದರೆ ಗಂಟೆಗೆ ಒಂದು ಘನ ಮೀಟರ್ ಗಾಳಿಯನ್ನು ಎಳೆದುಕೊಳ್ಳುತ್ತದೆ.
- ಮೇಲ್ಭಾಗದ ವಿಶೇಷ ವಿನ್ಯಾಸದ ತಲೆಯು ದೊಡ್ಡ ಕಣಗಳನ್ನು ಬೇರ್ಪಡಿಸಿ ನಿಗದಿತ ಗಾತ್ರದ ಕಣಗಳನ್ನು ಮಾತ್ರ ಒಳಗೆ ಬಿಡುತ್ತದೆ.
- ಆ ಕಣಗಳು ಗಾಜಿನ ನಾರಿನ ಪಟ್ಟಿಯ ಮೇಲೆ ಚುಕ್ಕೆಯಂತೆ ಕೂರುತ್ತವೆ.
- ಪಟ್ಟಿಯ ಒಂದು ಬದಿಯಿಂದ ಬೀಟಾ ಕಿರಣಗಳನ್ನು ಹಾಯಿಸಿ ಇನ್ನೊಂದು ಬದಿಯಲ್ಲಿ ಎಣಿಸಲಾಗುತ್ತದೆ. ಧೂಳು ಹೆಚ್ಚಿದಷ್ಟೂ ದಾಟಿ ಬರುವ ಕಿರಣಗಳು ಕಡಿಮೆಯಾಗುತ್ತವೆ. ಈ ವ್ಯತ್ಯಾಸದಿಂದ ಧೂಳಿನ ತೂಕ ತಿಳಿಯುತ್ತದೆ.

ತೇವಾಂಶ ಹೆಚ್ಚಿದ್ದಾಗ ಕಣಗಳು ನೀರನ್ನು ಹೀರಿ ಭಾರವಾಗುತ್ತವೆ. ಆದ್ದರಿಂದ ಒಳಬರುವ ಗಾಳಿಯನ್ನು ಹದವಾಗಿ ಬಿಸಿ ಮಾಡುವ ವ್ಯವಸ್ಥೆ ಇರುತ್ತದೆ. ಮಾರುಕಟ್ಟೆಯಲ್ಲಿ ದೊರೆಯುವ ಅಗ್ಗದ ಲೇಸರ್ ಸಂವೇದಕಗಳಲ್ಲಿ ಸಾಮಾನ್ಯವಾಗಿ ಈ ವ್ಯವಸ್ಥೆ ಇರುವುದಿಲ್ಲ. ಮಂಜು ಮುಸುಕಿದ ಮುಂಜಾನೆ ಅವು ಧೂಳನ್ನು ಇದ್ದುದಕ್ಕಿಂತ ಹೆಚ್ಚಾಗಿ ತೋರಿಸಬಹುದು. ಅಂತಹ ಅಂಕಿಗಳನ್ನು ಏರಿಳಿತದ ಅಂದಾಜಿಗಷ್ಟೇ ಬಳಸಬೇಕು.

ಈ ಅಳತೆ ಎಷ್ಟು ಸೂಕ್ಷ್ಮವೆಂಬುದಕ್ಕೆ ಒಂದು ಉದಾಹರಣೆ: ಪಿಎಂ 2.5ಕ್ಕೆ 24 ಗಂಟೆಗಳ ಸರಾಸರಿ ಮಿತಿ ಪ್ರತಿ ಘನ ಮೀಟರ್‌ಗೆ 60 ಮೈಕ್ರೋಗ್ರಾಂ. ಗಾಳಿ ಸರಿಯಾಗಿ ಈ ಮಿತಿಯಲ್ಲಿದ್ದಾಗ ಉಪಕರಣವು ದಿನವಿಡೀ 24 ಘನ ಮೀಟರ್ ಗಾಳಿಯನ್ನು ಸೋಸಿ ಹಿಡಿಯುವ ಧೂಳಿನ ತೂಕ 1.44 ಮಿಲಿಗ್ರಾಂ. ಇದು ಒಂದು ರಾಗಿ ಕಾಳಿನ ಸುಮಾರು ಅರ್ಧ ತೂಕ!

ಅನಿಲಗಳ ಮಾಪನ

ಪ್ರತಿಯೊಂದು ಅನಿಲಕ್ಕೂ ಪ್ರತ್ಯೇಕ ವಿಶ್ಲೇಷಕವಿರುತ್ತದೆ. ಬೆಳಕಿನೊಡನೆ ಅನಿಲ ವರ್ತಿಸುವ ರೀತಿಯೇ ಇವುಗಳ ಮೂಲ ತತ್ವ.

- ಓಝೋನ್: ಅತಿನೇರಳೆ ಬೆಳಕನ್ನು ಹೀರಿಕೊಳ್ಳುತ್ತದೆ. ಬೆಳಕು ಎಷ್ಟು ಕುಂದಿತು ಎಂಬುದರಿಂದ ಅದರ ಪ್ರಮಾಣ ತಿಳಿಯುತ್ತದೆ.
- ಗಂಧಕದ ಡೈಆಕ್ಸೈಡ್: ಅತಿನೇರಳೆ ಬೆಳಕು ಬಿದ್ದಾಗ ತಾನೇ ಮಂದವಾಗಿ ಹೊಳೆಯುತ್ತದೆ. ಆ ಹೊಳಪನ್ನು ಅಳೆಯಲಾಗುತ್ತದೆ.
- ಸಾರಜನಕದ ಆಕ್ಸೈಡ್‌ಗಳು: ನೈಟ್ರಿಕ್ ಆಕ್ಸೈಡ್ ಓಝೋನಿನೊಡನೆ ಸೇರಿದಾಗ ಬೆಳಕು ಹೊರಹೊಮ್ಮುತ್ತದೆ. ಸಾರಜನಕದ ಡೈಆಕ್ಸೈಡನ್ನು ಮೊದಲು ನೈಟ್ರಿಕ್ ಆಕ್ಸೈಡ್ ಆಗಿ ಪರಿವರ್ತಿಸಿ ಇದೇ ವಿಧಾನದಿಂದ ಅಳೆಯುತ್ತಾರೆ.
- ಅಮೋನಿಯಾ: ಹೆಚ್ಚಿನ ಉಷ್ಣತೆಯಲ್ಲಿ ನೈಟ್ರಿಕ್ ಆಕ್ಸೈಡ್ ಆಗಿ ಮಾರ್ಪಡಿಸಿ ಅಳೆಯಲಾಗುತ್ತದೆ.
- ಇಂಗಾಲದ ಮಾನಾಕ್ಸೈಡ್: ಅವಗೆಂಪು ಕಿರಣಗಳನ್ನು ಹೀರಿಕೊಳ್ಳುವ ಗುಣದಿಂದ ಗುರುತಿಸಲಾಗುತ್ತದೆ.

ತಕ್ಕಡಿಯನ್ನು ಆಗಾಗ ಪರೀಕ್ಷಿಸುವಂತೆ ಈ ಉಪಕರಣಗಳನ್ನೂ ನಿಯಮಿತವಾಗಿ ಪರೀಕ್ಷಿಸಬೇಕು. ಮಾಲಿನ್ಯವೇ ಇಲ್ಲದ ಶುದ್ಧ ಗಾಳಿಯನ್ನು ಹಾಯಿಸಿ ಸೊನ್ನೆ ತೋರಿಸುತ್ತದೆಯೇ ಎಂದು ಮೊದಲು ನೋಡುತ್ತಾರೆ. ಬಳಿಕ ಪ್ರಮಾಣ ಗೊತ್ತಿರುವ ಅನಿಲವನ್ನು ಸಿಲಿಂಡರಿನಿಂದ ಹಾಯಿಸಿ ಅದೇ ಅಂಕಿ ಬರುತ್ತದೆಯೇ ಎಂದು ಪರಿಶೀಲಿಸುತ್ತಾರೆ. ವಿದ್ಯುತ್ ಕಡಿತ ಅಥವಾ ದುರಸ್ತಿಯ ವೇಳೆ ಮಾಹಿತಿ ಬರುವುದಿಲ್ಲ. ತೆರೆಯ ಮೇಲೆ ಅಂಕಿ ಕಾಣದಿದ್ದರೆ ಗಾಳಿ ಶುದ್ಧವಾಗಿದೆ ಎಂದು ಭಾವಿಸಬಾರದು.

ಸೂಚ್ಯಂಕ ಸಿದ್ಧವಾಗುವ ಬಗೆ

ಹಲವು ಅಂಕಿಗಳನ್ನು ಸಾಮಾನ್ಯ ಜನರು ಸುಲಭವಾಗಿ ಅರ್ಥೈಸಿಕೊಳ್ಳಲೆಂದು 2015ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕವನ್ನು ಜಾರಿಗೆ ತರಲಾಯಿತು. ಇದರ ಶ್ರೇಣಿಗಳು ಹೀಗಿವೆ.

0–50: ಉತ್ತಮ
51–100: ತೃಪ್ತಿಕರ
101–200: ಮಧ್ಯಮ
201–300: ಕಳಪೆ
301–400: ಅತಿ ಕಳಪೆ
401–500: ತೀವ್ರ

ಪ್ರತಿ ಮಾಲಿನ್ಯಕಾರಕದ ಪ್ರಮಾಣವನ್ನು ಪ್ರತ್ಯೇಕ ಉಪಸೂಚ್ಯಂಕವಾಗಿ ಪರಿವರ್ತಿಸಲಾಗುತ್ತದೆ. ಅವುಗಳಲ್ಲಿ ಅತ್ಯಂತ ಹೆಚ್ಚಿನದೇ ಆ ಕೇಂದ್ರದ ಸೂಚ್ಯಂಕ. ಉದಾಹರಣೆಗೆ, ಪಿಎಂ 2.5ರ ಪ್ರಮಾಣ 60ರಿಂದ 90ರವರೆಗೆ ಏರಿದಾಗ ಉಪಸೂಚ್ಯಂಕ 100ರಿಂದ 200ಕ್ಕೆ ಏರುತ್ತದೆ. ಹಾಗಾಗಿ ಪ್ರಮಾಣ 75 ಇದ್ದರೆ ಉಪಸೂಚ್ಯಂಕ ಸುಮಾರು 150. ಉಳಿದ ಅನಿಲಗಳೆಲ್ಲ 60ರೊಳಗಿದ್ದರೂ ಆ ದಿನದ ಸೂಚ್ಯಂಕ 150 ಎಂದೇ ಪ್ರಕಟವಾಗುತ್ತದೆ. ಆದುದರಿಂದ ಸೂಚ್ಯಂಕದ ಜೊತೆಗೆ ನಮೂದಾಗಿರುವ 'ಪ್ರಮುಖ ಮಾಲಿನ್ಯಕಾರಕ' ಯಾವುದು ಎಂಬುದನ್ನೂ ಗಮನಿಸಬೇಕು.

ಸೂಚ್ಯಂಕ ಪ್ರಕಟಿಸಲು ಕನಿಷ್ಠ ಮೂರು ಮಾಲಿನ್ಯಕಾರಕಗಳ ಮಾಹಿತಿ ಬೇಕು; ಅವುಗಳಲ್ಲಿ ಒಂದು ಪಿಎಂ 10 ಅಥವಾ ಪಿಎಂ 2.5 ಆಗಿರಬೇಕು. ಧೂಳಿನ ಕಣಗಳಿಗೆ ಹಿಂದಿನ 24 ಗಂಟೆಗಳ ಸರಾಸರಿಯನ್ನು ತೆಗೆದುಕೊಳ್ಳುವುದರಿಂದ ಸಂಜೆ ಹಚ್ಚಿದ ಬೆಂಕಿಯ ಹೊಗೆ ಸೂಚ್ಯಂಕದಲ್ಲಿ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ಆ ಹೊತ್ತಿನ ಸ್ಥಿತಿ ತಿಳಿಯಬೇಕಾದರೆ ಗಂಟೆವಾರು ಅಂಕಿಗಳನ್ನು ನೋಡಬೇಕು.

ಹವಾಮಾನದ ಪಾತ್ರ

ಕೇಂದ್ರದಲ್ಲಿ ಗಾಳಿಯ ವೇಗ, ದಿಕ್ಕು, ಉಷ್ಣಾಂಶ ಮತ್ತು ಆರ್ದ್ರತೆಯನ್ನೂ ದಾಖಲಿಸಲಾಗುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ನೆಲ ಬೇಗನೆ ತಣಿದು ನೆಲದ ಸಮೀಪ ತಂಪು ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ ನಿಲ್ಲುತ್ತದೆ. ಆಗ ಹೊಗೆ ಮೇಲೇರಲಾರದೆ ಕೆಳಗೇ ಹರಡುತ್ತದೆ. ಸಂಜೆ ಇಟ್ಟ ಬೆಂಕಿಯ ಹೊಗೆ ಮರುದಿನ ಬೆಳಿಗ್ಗೆಯೂ ಊರಿನ ಮೇಲೆ ಹಾಸಿರುವುದಕ್ಕೆ ಇದೇ ಕಾರಣ. ಬಿಸಿಲೇರಿ ನೆಲ ಕಾದ ನಂತರ ಗಾಳಿ ಮೇಲಕ್ಕೂ ಕೆಳಕ್ಕೂ ಬೆರೆತು ಹೊಗೆ ಚದುರುತ್ತದೆ.

ಈ ತಿಳಿವಳಿಕೆಯೊಂದಿಗೆ ಒಂದು ಸರಳ ಲೆಕ್ಕವನ್ನು ಪರಿಶೀಲಿಸೋಣ. ಒಂದು ಟನ್ ಭತ್ತದ ಹುಲ್ಲನ್ನು ಸುಟ್ಟಾಗ ಸುಮಾರು 3 ಕಿ.ಗ್ರಾಂ ಕಣಗಳೂ 60 ಕಿ.ಗ್ರಾಂ ಇಂಗಾಲದ ಮಾನಾಕ್ಸೈಡೂ ಗಾಳಿಗೆ ಸೇರುತ್ತವೆ ಎಂದು ಅಂದಾಜಿಸಲಾಗಿದೆ. ಹೊಗೆಯ ಕಣಗಳು ಬಹುತೇಕ ಪಿಎಂ 2.5ರ ಗಾತ್ರದವು. ಗಾಳಿ ಬೀಸದೆ, 50 ಮೀಟರ್ ಎತ್ತರದವರೆಗೆ ಮಾತ್ರ ಹೊಗೆ ಹರಡಿದರೆ, ಈ 3 ಕಿ.ಗ್ರಾಂ ಕಣಗಳು ಒಂದು ಚದರ ಕಿಲೋಮೀಟರ್ ಪ್ರದೇಶದ ಗಾಳಿಗೆ ಪ್ರತಿ ಘನ ಮೀಟರ್‌ಗೆ 60 ಮೈಕ್ರೋಗ್ರಾಂ ಸೇರಿಸಲು ಸಾಕು. ಇದು ಇಡೀ ದಿನದ ಮಿತಿಗೆ ಸಮ. ಒಂದು ಎಕರೆಯ ಹುಲ್ಲು ಒಂದು ಊರಿನ ಗಾಳಿಯನ್ನು ಕೆಡಿಸಬಲ್ಲದು ಎಂಬುದು ಇದರ ಅರ್ಥ. ಆ ಊರಿನಲ್ಲಿ ಮಾಪನ ಕೇಂದ್ರವಿಲ್ಲದಿದ್ದರೆ ಇದು ಯಾವ ದಾಖಲೆಯಲ್ಲಿಯೂ ಸೇರುವುದಿಲ್ಲ. ಆದರೆ ಬೆಂಕಿಯ ಪಕ್ಕದಲ್ಲಿ ನಿಂತ ರೈತನೂ ಮನೆಯಲ್ಲಿರುವ ಮಕ್ಕಳೂ ವೃದ್ಧರೂ ಅದನ್ನೇ ಉಸಿರಾಡುತ್ತಾರೆ.

ಸೂಚ್ಯಂಕ ತಿಳಿಸದ ಅಂಶಗಳು

ಸೂಚ್ಯಂಕವನ್ನು ಮನುಷ್ಯರ ಆರೋಗ್ಯವನ್ನು ಗಮನದಲ್ಲಿರಿಸಿ ರೂಪಿಸಲಾಗಿದೆ. ಬೆಳೆಗಳ ವಿಷಯದಲ್ಲಿ ಅದನ್ನು ನೇರವಾಗಿ ಅನ್ವಯಿಸಲಾಗದು.

ಓಝೋನ್: ವಾಹನ ಹಾಗೂ ಕಾರ್ಖಾನೆಗಳ ಹೊಗೆಯಲ್ಲಿನ ಅನಿಲಗಳು ಬಿಸಿಲಿನಲ್ಲಿ ವರ್ತಿಸಿ ನೆಲಮಟ್ಟದ ಓಝೋನ್ ಉಂಟಾಗುತ್ತದೆ. ಅದು ಪತ್ರರಂಧ್ರಗಳ ಮೂಲಕ ಎಲೆಯೊಳಗೆ ಸೇರಿ ಜೀವಕೋಶಗಳನ್ನು ಹಾಳುಮಾಡುತ್ತದೆ. ಗೋಧಿ, ಸೋಯಾಬೀನ್, ಬೀನ್ಸ್, ಆಲೂಗಡ್ಡೆ, ಕಲ್ಲಂಗಡಿ ಮತ್ತು ಹತ್ತಿ ಇದಕ್ಕೆ ಸೂಕ್ಷ್ಮ ಬೆಳೆಗಳು. ಜೋಳ ಹಾಗೂ ಮುಸುಕಿನ ಜೋಳ ಹೆಚ್ಚು ತಾಳಿಕೊಳ್ಳುತ್ತವೆ. ಯುರೋಪಿನ ದೇಶಗಳಲ್ಲಿ ಬೆಳೆಗಳ ರಕ್ಷಣೆಗೆಂದು ಹಗಲಿನಲ್ಲಿ ಶತಕೋಟಿಗೆ 40 ಭಾಗವನ್ನು ಮೀರಿದ ಓಝೋನನ್ನು ಬೆಳೆಯ ಅವಧಿಯುದ್ದಕ್ಕೂ ಕೂಡಿಸಿ ನೋಡುವ ಪದ್ಧತಿಯಿದೆ. ಈ 40 ಭಾಗ ಎಂದರೆ ಪ್ರತಿ ಘನ ಮೀಟರ್‌ಗೆ ಸುಮಾರು 80 ಮೈಕ್ರೋಗ್ರಾಂ. ನಮ್ಮ ಸೂಚ್ಯಂಕದಲ್ಲಿ ಇದೇ 80 ಮೈಕ್ರೋಗ್ರಾಂ 'ತೃಪ್ತಿಕರ' ಶ್ರೇಣಿಗೆ ಸೇರುತ್ತದೆ. ಅಂದರೆ ಮನುಷ್ಯರಿಗೆ ತೃಪ್ತಿಕರವೆನಿಸಿದ ಗಾಳಿಯಲ್ಲಿಯೇ ಸೂಕ್ಷ್ಮ ಬೆಳೆಗಳಿಗೆ ಹಾನಿಯ ಲೆಕ್ಕ ಆರಂಭವಾಗಬಹುದು.

ಇನ್ನೊಂದು ಮುಖ್ಯ ಸಂಗತಿಯಿದೆ. ನಗರದೊಳಗೆ ವಾಹನಗಳ ಹೊಗೆಯಲ್ಲಿನ ನೈಟ್ರಿಕ್ ಆಕ್ಸೈಡ್ ಓಝೋನನ್ನು ಕಬಳಿಸುತ್ತದೆ. ಗಾಳಿ ನಗರ ದಾಟಿ ಹಳ್ಳಿಗಳತ್ತ ಸಾಗಿದಂತೆ ಓಝೋನ್ ಹೆಚ್ಚುವುದುಂಟು. ಹಾಗಾಗಿ ನಗರದ ಕೇಂದ್ರ ತೋರಿಸುವ ಓಝೋನಿಗಿಂತ ಗಾಳಿ ಬೀಸುವ ದಿಕ್ಕಿನಲ್ಲಿರುವ ಹೊಲಗಳಲ್ಲಿ ಅದು ಹೆಚ್ಚಿರುವ ಸಾಧ್ಯತೆಯಿದೆ.

ಓಝೋನ್ ಬಾಧೆಯ ಲಕ್ಷಣಗಳು: ಮೊದಲು ಹಳೆಯ ಎಲೆಗಳ ಮೇಲ್ಭಾಗದಲ್ಲಿ, ನರಗಳ ನಡುವೆ ಸೂಜಿಮೊನೆಯಷ್ಟು ಕಂದು ಅಥವಾ ಬಿಳಿಚಿದ ಚುಕ್ಕೆಗಳು ಕಾಣಿಸುತ್ತವೆ; ಎಲೆಗಳು ಅವಧಿಗೆ ಮುನ್ನ ಹಣ್ಣಾಗುತ್ತವೆ. ಇದನ್ನು ರೋಗವೆಂದು ಭಾವಿಸಿ ಶಿಲೀಂಧ್ರನಾಶಕ ಸಿಂಪಡಿಸಿದರೆ ಹಣ ವ್ಯರ್ಥವಾಗುತ್ತದೆ. ಸಿಂಪರಣೆಗೆ ಮೊದಲು ಎಲೆಯ ಮಾದರಿಯನ್ನು ತಜ್ಞರಿಗೆ ತೋರಿಸುವುದು ಸೂಕ್ತ.

ಅಮೋನಿಯಾ: ಯೂರಿಯಾವನ್ನು ಮಣ್ಣಿನ ಮೇಲೆಯೇ ಎರಚಿ ಬಿಟ್ಟಾಗ, ಅದರಲ್ಲೂ ಕ್ಷಾರೀಯ ಮಣ್ಣಿನಲ್ಲಿ ಬಿಸಿಲಿನ ದಿನಗಳಲ್ಲಿ, ಸಾರಜನಕದ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಸೇರುತ್ತದೆ. ಅದು ಇತರ ಅನಿಲಗಳೊಡನೆ ಕೂಡಿ ಸೂಕ್ಷ್ಮ ಕಣಗಳಾಗುತ್ತದೆ. ಗಾಳಿ ಕೆಡುವುದರ ಜೊತೆಗೆ ರೈತರು ಹಣ ಕೊಟ್ಟು ತಂದ ಗೊಬ್ಬರವೂ ನಷ್ಟವಾಗುತ್ತದೆ.

ಕೀಟನಾಶಕಗಳು: ಸಿಂಪರಣೆಯ ವೇಳೆ ಗಾಳಿಯಲ್ಲಿ ತೇಲುವ ಪೀಡೆನಾಶಕದ ಹನಿಗಳನ್ನು ಈ ಕೇಂದ್ರಗಳು ಅಳೆಯುವುದಿಲ್ಲ. ಸೂಚ್ಯಂಕ ಉತ್ತಮವಾಗಿದೆ ಎಂಬ ಕಾರಣಕ್ಕೆ ಮುಖಗವಸು ಇಲ್ಲದೆ ಸಿಂಪಡಿಸಬಾರದು.

ರೈತರು ಅನುಸರಿಸಬೇಕಾದ ಕ್ರಮಗಳು

1. ಕಬ್ಬಿನ ರವದಿ, ಭತ್ತದ ಹುಲ್ಲು, ಹತ್ತಿ ಮತ್ತು ತೊಗರಿ ಕಟ್ಟಿಗೆಗೆ ಬೆಂಕಿ ಇಡಬಾರದು. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 5.5 ಕಿ.ಗ್ರಾಂ ಸಾರಜನಕವಿದ್ದು, ಸುಟ್ಟಾಗ ಅದರ ಬಹುಪಾಲು ಗಾಳಿಗೆ ಸೇರುತ್ತದೆ. ರವದಿಯನ್ನು ಪುಡಿ ಮಾಡಿ ಸಾಲುಗಳ ನಡುವೆ ಹೊದಿಕೆಯಾಗಿ ಬಳಸಬೇಕು. ಹುಲ್ಲನ್ನು ಬೇಲರ್ ಯಂತ್ರದಿಂದ ಪೆಂಡಿ ಕಟ್ಟಿ ಮೇವಿಗೆ, ಅಣಬೆ ಬೇಸಾಯಕ್ಕೆ ಅಥವಾ ಕಾಂಪೋಸ್ಟ್‌ಗೆ ಉಪಯೋಗಿಸಬಹುದು.

2. ಮೇಲುಗೊಬ್ಬರವಾಗಿ ಕೊಡುವ ಯೂರಿಯಾವನ್ನು ಕಂತುಗಳಲ್ಲಿ ನೀಡಿ ಮಣ್ಣಿನಲ್ಲಿ ಬೆರೆಸಬೇಕು. ನೀರಾವರಿ ಬೆಳೆಗಳಲ್ಲಿ ಗೊಬ್ಬರ ಕೊಟ್ಟ ಕೂಡಲೇ ಹದವಾಗಿ ನೀರು ಹಾಯಿಸಬೇಕು.

3. ಪಿಎಂ 2.5 ಹೆಚ್ಚಿರುವ ಚಳಿಗಾಲದ ದಿನಗಳಲ್ಲಿ ಶ್ರಮದ ಕೆಲಸಗಳನ್ನು ಬಿಸಿಲೇರಿದ ನಂತರ ಆರಂಭಿಸುವುದು ಒಳ್ಳೆಯದು. ಉಬ್ಬಸ, ಹೃದ್ರೋಗ ಇರುವವರು ಹಾಗೂ ಗರ್ಭಿಣಿಯರು ಹೊಗೆಯಿಂದ ದೂರವಿರಬೇಕು.

4. ಒಕ್ಕಣೆ ಮತ್ತು ಧಾನ್ಯ ತೂರುವ ವೇಳೆ ಗಾಳಿಗೆ ಬೆನ್ನು ಮಾಡಿ ನಿಲ್ಲಬೇಕು. ಮುಖಕ್ಕೆ ಬಿಗಿಯಾಗಿ ಕೂರುವ ಎನ್ 95 ಮುಖಗವಸು ಧರಿಸಬೇಕು. ಟವೆಲ್ ಸುತ್ತಿಕೊಂಡರೆ ದೊಡ್ಡ ಧೂಳು ತಡೆಯಬಹುದು. ಸೂಕ್ಷ್ಮ ಕಣಗಳು ಅದರ ಮೂಲಕ ನುಸುಳುತ್ತವೆ.

5. ರಸ್ತೆ ಅಥವಾ ಕ್ರಷರ್ ಬದಿಯ ಹಿಪ್ಪುನೇರಳೆ, ದ್ರಾಕ್ಷಿ ಮತ್ತು ತರಕಾರಿ ತಾಕುಗಳ ಅಂಚಿನಲ್ಲಿ ದಟ್ಟವಾದ ಗಿಡಗಳ ಸಾಲನ್ನು ಬೆಳೆಸಬೇಕು. ಧೂಳು ಕೂತ ಹಿಪ್ಪುನೇರಳೆ ಎಲೆಯನ್ನು ರೇಷ್ಮೆ ಹುಳುಗಳಿಗೆ ಕೊಡಬಾರದು.

ಬೆಳೆ ಹಾನಿಯ ದೂರು ನೀಡುವ ಮುನ್ನ

ಕ್ರಷರ್, ಇಟ್ಟಿಗೆ ಗೂಡು ಅಥವಾ ಕಾರ್ಖಾನೆಯ ಧೂಳು ಮತ್ತು ಹೊಗೆಯಿಂದ ಬೆಳೆ ಹಾಳಾಗಿದೆ ಎಂದು ದೂರಿದಾಗ, ಸಮೀಪದ ನಗರದ ಸೂಚ್ಯಂಕ ಉತ್ತಮವಾಗಿತ್ತು ಎಂಬ ಉತ್ತರ ಬರಬಹುದು. ಮೇಲೆ ತಿಳಿಸಿದಂತೆ ಆ ಕೇಂದ್ರದ ಅಂಕಿ ನಿಮ್ಮ ತೋಟದ ಅಂಕಿಯಲ್ಲ. ಆದ್ದರಿಂದ ರೈತರು ತಮ್ಮದೇ ದಾಖಲೆಯನ್ನು ಇಟ್ಟುಕೊಳ್ಳುವುದು ಅವಶ್ಯಕ.

- ಧೂಳು ಅಥವಾ ಹೊಗೆ ಬಂದ ದಿನಾಂಕ, ಸಮಯ ಮತ್ತು ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತು ಎಂಬುದನ್ನು ಪ್ರತಿದಿನ ಬರೆದಿಡಬೇಕು.
- ಮೂಲಕ್ಕೆ ಹತ್ತಿರದ ಹಾಗೂ ದೂರದ ಸಾಲುಗಳ ಒಂದೇ ವಯಸ್ಸಿನ ಎಲೆಗಳ ಛಾಯಾಚಿತ್ರಗಳನ್ನು ದಿನಾಂಕ ಸಹಿತ ತೆಗೆಯಬೇಕು. ದೂರ ಹೋದಂತೆ ಹಾನಿ ತಗ್ಗಿದರೆ ಅದು ಮಹತ್ವದ ಸುಳಿವು.
- ಎರಡೂ ಕಡೆಯ ಇಳುವರಿಯನ್ನು ಪ್ರತ್ಯೇಕವಾಗಿ ತೂಗಿ ದಾಖಲಿಸಬೇಕು.
- ಈ ವಿವರಗಳೊಂದಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ಮನವಿ ಸಲ್ಲಿಸಿ, ಸ್ಥಳದಲ್ಲಿಯೇ ಗಾಳಿಯ ಮಾದರಿ ಪರೀಕ್ಷೆ ನಡೆಸುವಂತೆ ಕೋರಬೇಕು. ಮನವಿಯ ಸ್ವೀಕೃತಿಯನ್ನು ಪಡೆಯಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಕಟಾವಿನ ಹಂಗಾಮಿಗೆ ಮುನ್ನ ಗ್ರಾಮಸಭೆ ಹಾಗೂ ತರಬೇತಿಗಳಲ್ಲಿ ಸಮೀಪದ ಕೇಂದ್ರದ ಗಂಟೆವಾರು ಅಂಕಿಗಳನ್ನು ರೈತರಿಗೆ ತೋರಿಸಿ ವಿವರಿಸಬೇಕು. ಬೆಳಗಿನ ಮತ್ತು ಮಧ್ಯಾಹ್ನದ ಅಂಕಿಗಳ ವ್ಯತ್ಯಾಸವನ್ನು ಕಂಡಾಗ ಹೊಗೆ ನೆಲದ ಬಳಿಯೇ ನಿಲ್ಲುವುದು ಸುಲಭವಾಗಿ ಮನವರಿಕೆಯಾಗುತ್ತದೆ. ಎಲೆಚುಕ್ಕೆಯ ಬಗ್ಗೆ ರೈತರು ವಿಚಾರಿಸಿದಾಗ ರೋಗ, ಪೋಷಕಾಂಶದ ಕೊರತೆ ಮತ್ತು ವಾಯುಮಾಲಿನ್ಯ ಈ ಮೂರೂ ಸಾಧ್ಯತೆಗಳನ್ನು ಪರಿಶೀಲಿಸಿದ ನಂತರವೇ ಶಿಫಾರಸು ನೀಡಬೇಕು. ಬೆಂಕಿ ಇಡಬೇಡಿ ಎಂದು ಹೇಳುವಾಗ ಬೇಲರ್ ಅಥವಾ ರವದಿ ಪುಡಿ ಮಾಡುವ ಯಂತ್ರ ಬಾಡಿಗೆಗೆ ಎಲ್ಲಿ ದೊರೆಯುತ್ತದೆ ಎಂಬ ಮಾಹಿತಿಯನ್ನೂ ಜೊತೆಗೆ ಒದಗಿಸಬೇಕು. ಮುಂದಿನ ಬೆಳೆಗೆ ಭೂಮಿ ಸಿದ್ಧಪಡಿಸಲು ದಿನಗಳು ಕಡಿಮೆ ಇರುವಾಗ ಪರ್ಯಾಯವಿಲ್ಲದ ಸಲಹೆಯನ್ನು ರೈತರು ಪಾಲಿಸುವುದು ಕಷ್ಟ.

ಮಾಪನ ಕೇಂದ್ರಗಳು ಇಂದು ಬಹುತೇಕ ನಗರಗಳಲ್ಲಿವೆ. ಕೇಂದ್ರವಿಲ್ಲದ ಊರಿನಲ್ಲಿ ಗಾಳಿಯ ಸ್ಥಿತಿಯನ್ನು ಮೊದಲು ಗುರುತಿಸುವವರು ಹೊಲದಲ್ಲಿರುವ ರೈತರೇ. ಕೇಂದ್ರದ ಅಂಕಿಯ ಅರ್ಥವನ್ನೂ ಮಿತಿಯನ್ನೂ ಅರಿತು, ತಮ್ಮ ದಾಖಲೆಯೊಂದಿಗೆ ಹೋಲಿಸಿ ನೋಡಿದಲ್ಲಿ ಅದು ಮಳೆಯ ಅಂಕಿಯಷ್ಟೇ ಉಪಯುಕ್ತವಾಗುತ್ತದೆ. ಹೆಚ್ಚಿನ ಮಾಹಿತಿಗಾಗಿ ರೈತ ಬಾಂಧವರು ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.